ವೈದ್ಯರ ನಡುವೆ ಒಬ್ಬ ಇಂಜಿನಿಯರು

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ, 1950ರ ದಶಕದ ಆದಿಭಾಗದಲ್ಲಿ, ಮೈಕೇಲ್ ಡಿಬೇಕಿ ಎಂಬ ಶಸ್ತ್ರವೈದ್ಯರು, ಉಬ್ಬಿ ಒಡೆಯುವ ಸ್ಥಿತಿಗೆ ಬಂದ ಮಹಾಧಮನಿಯನ್ನು ಕತ್ತರಿಸಿ ತೆಗೆದು ಅದರ ಸ್ಥಾನದಲ್ಲಿ ಕೃತಕ ನಾಳವೊಂದನ್ನು ಜೋಡಿಸಬೇಕೆಂಬ ಯೋಚನೆಯಿಂದ ನೈಲಾನ್ ಬಟ್ಟೆಯನ್ನು ಕೊಳ್ಳಲು ಅಂಗಡಿಗೆ ಹೋದಾಗ, ಅಲ್ಲಿ ನೈಲಾನ್ ಮುಗಿದುಹೋಗಿದ್ದಿತೆಂಬ ಒಂದೇ ಕಾರಣಕ್ಕೆ ಡೆಕ್ರಾನ್ ಎಂಬ ಹೊಸ ಬಟ್ಟೆಯನ್ನು ತಂದು, ಮನೆಯ ಹೊಲಿಗೆಯಂತ್ರದ ಮೇಲೆ ತಾವೇ ಅದನ್ನು ಕೊಳವೆಯಾಗಿ ಹೊಲಿದುಕೊಂಡರು. ಆ ಬಟ್ಟೆಯೇ ಇಂದಿಗೂ ರಕ್ತನಾಳದ ಶಸ್ತ್ರಚಿಕಿತ್ಸೆಯಲ್ಲಿ ನಡೆದುಬರುತ್ತಿದೆ. ಅದಕ್ಕೂ ಮುಂಚೆ, 1943ರಲ್ಲಿ, ಜರ್ಮನರು ಆಕ್ರಮಿಸಿದ್ದ ಹಾಲೆಂಡಿನಲ್ಲಿ ವಿಲೆಮ್ ಕೋಲ್ಫ್ ಅವರು ಕೃತಕ ಮೂತ್ರಪಿಂಡವನ್ನು ಕಟ್ಟಿದಾಗ, ರಕ್ತವನ್ನು ಸೋಸುವುದಕ್ಕೆ ಅವರ ಕೈಗೆ ಒದಗಿದ್ದು ಮಾಂಸದ ಸಾಸೇಜುಗಳಿಗೆ ಹೊದಿಸುವ ಸೆಲೊಫೇನ್ ಕೊಳವೆ. ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ ಅವರು 1949ರಲ್ಲಿ ಕಣ್ಣಿನೊಳಗೆ ಮೊದಲ ಕೃತಕ ಮಸೂರವನ್ನಿರಿಸಿದ್ದಾದರೂ, ಯುದ್ಧವಿಮಾನಗಳ ಪ್ಲಾಸ್ಟಿಕ್ ಮುಚ್ಚಳದ ಚೂರುಗಳು ವಿಮಾನಚಾಲಕರ ಕಣ್ಣಿನಲ್ಲಿ ನೆಟ್ಟುಕೊಂಡರೂ ಊತವನ್ನುಂಟುಮಾಡದೆ ಸುಮ್ಮನಿದ್ದುದನ್ನು ಕಂಡ ಮೇಲೆಯೇ. ಇವರೆಲ್ಲರೂ ಧೀರರು, ಆದರೆ ಇವರಲ್ಲಿ ಯಾರೂ ದೇಹಕ್ಕೆಂದೇ ಒಂದು ಪದಾರ್ಥವನ್ನು ನಿರ್ಮಿಸಲಿಲ್ಲ. ಲೋಕದ ಬೇರೆ ಬೇರೆ ಉಪಯೋಗಗಳಿಗಾಗಿ ಹುಟ್ಟಿದ್ದ ವಸ್ತುಗಳಲ್ಲಿ ಕೈಗೆ ಸಿಕ್ಕಿದ್ದನ್ನು ತಂದು ದೇಹಕ್ಕೆ ಒಗ್ಗಿಸಿದರು.

ಹಾಗಲ್ಲದೆ, ಒಂದು ಅಂಗಕ್ಕೆ ಏನೇನು ಗುಣಗಳು ಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಆ ಗುಣಗಳುಳ್ಳ ಅಣುವನ್ನೇ ರಸಾಯನಶಾಲೆಯಲ್ಲಿ ಕಟ್ಟಬಾರದೇಕೆ ಎಂದು ಕೇಳಿದವರಲ್ಲಿ ಅಗ್ರಗಣ್ಯರು ರಾಬರ್ಟ್ ಲ್ಯಾಂಗರ್. ಇಂದು ಬಯೋಮೆಟೀರಿಯಲ್ ಶಾಸ್ತ್ರ ಎಂದೂ ಅಂಗಾಂಶ ಇಂಜಿನಿಯರಿಂಗ್ ಎಂದೂ ವಿಶ್ವವಿದ್ಯಾಲಯಗಳ ಫಲಕಗಳ ಮೇಲೆ ಕಾಣಿಸಿಕೊಳ್ಳುವ ಎರಡು ವಿದ್ಯೆಗಳು, ಅವರು ಕೆಲಸಕ್ಕೆ ತೊಡಗಿದ ಕಾಲದಲ್ಲಿ ಬಹುಪಾಲು ಕಟ್ಟಡಗಳಲ್ಲಿ ಒಂದು ಕೊಠಡಿಯನ್ನು ಸಹ ಸಂಪಾದಿಸಿಕೊಂಡಿರಲಿಲ್ಲ. ಅಂತಹ ಕಾಲದಲ್ಲಿ ಅಂತಹ ವಿದ್ಯೆಯನ್ನು ನೆಚ್ಚಿಕೊಂಡವನ ವೃತ್ತಿಜೀವನ ಹೇಗೆ ನಡೆಯುತ್ತದೆ, ಯಾರ ಕೃಪೆಯಿಂದ ನಡೆಯುತ್ತದೆ, ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ತಿಳಿಯಬಯಸುವವರಿಗೆ ಅವರ ಚರಿತ್ರೆಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಲ್ಯಾಂಗರ್ ಹುಟ್ಟಿದ್ದು 1948ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿಯಲ್ಲಿ. ತಂದೆ ಅಲ್ಲಿ ಒಂದು ಸಣ್ಣ ಮದ್ಯದಂಗಡಿಯನ್ನಿಟ್ಟಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ಇಂಜಿನಿಯರಿಂಗನ್ನು ಓದಿ, 1974ರಲ್ಲಿ ಕೇಂಬ್ರಿಜ್‌ನ ಎಂ.ಐ.ಟಿ.ಯಿಂದ ಡಾಕ್ಟರೇಟ್ ಪದವಿಯನ್ನು ಪಡೆದರು. ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಿದ್ದ ಕಾಲ ಅದು. ತೈಲದ ಕಂಪೆನಿಗಳು ರಾಸಾಯನಿಕ ಇಂಜಿನಿಯರುಗಳಿಗಾಗಿ ಹಾತೊರೆಯುತ್ತಿದ್ದುದರಿಂದ, ಅವರಿಗೆ ಸುಮಾರು ಇಪ್ಪತ್ತು ಕಡೆಗಳಿಂದ ಕೆಲಸದ ಆಹ್ವಾನಗಳು ಬಂದುವು. ಎಕ್ಸಾನ್ ಕಂಪೆನಿಯೊಂದರಿಂದಲೇ ನಾಲ್ಕು. ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ ನಡೆದ ಸಂದರ್ಶನದಲ್ಲಿ ಒಬ್ಬ ಇಂಜಿನಿಯರು, ಇಂತಹ ಒಂದು ರಾಸಾಯನಿಕದ ಉತ್ಪತ್ತಿಯನ್ನು ಶೇಕಡಾ 0.1ರಷ್ಟು ಹೆಚ್ಚಿಸಿದರೂ ಕೋಟ್ಯಂತರ ಡಾಲರುಗಳ ಲಾಭವೆಂದು ಕಣ್ಣರಳಿಸಿ ಹೇಳಿದುದನ್ನು ಕೇಳಿ ಹಿಂದಿರುಗುವಾಗ, ಈ ಬಾಳು ತಮಗೆ ಹಿಡಿಸದೆಂದು ಅವರಿಗೆ ಖಚಿತವಾಯಿತಂತೆ. ವಿದ್ಯಾರ್ಥಿದೆಸೆಯಲ್ಲಿಯೇ ಬಡ ಮಕ್ಕಳ ಶಾಲೆಯೊಂದಕ್ಕಾಗಿ ಗಣಿತ ಮತ್ತು ರಸಾಯನಶಾಸ್ತ್ರದ ಪಾಠಗಳನ್ನು ರೂಪಿಸಿದ್ದ ಅವರು, ಅಂತಹುದೇ ಕೆಲಸವನ್ನರಸಿ ಸುಮಾರು ನಲವತ್ತು ಕಾಲೇಜುಗಳಿಗೆ ಪತ್ರ ಬರೆದರು, ಒಂದಕ್ಕೂ ಉತ್ತರವಿಲ್ಲ. ಆಸ್ಪತ್ರೆಗಳಿಗೂ ವೈದ್ಯಶಾಲೆಗಳಿಗೂ ಬರೆದರು, ಅಲ್ಲಿಯೂ ಮೌನವೇ. ಕಡೆಗೆ ಜೊತೆಯವರೊಬ್ಬರು, ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಜೂಡಾ ಫೋಕ್‌ಮನ್ ಎಂಬವರಿದ್ದಾರೆ, ಅವರು ಒಮ್ಮೊಮ್ಮೆ ವಿಚಿತ್ರದ ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದುಂಟು ಎಂದು ಹೇಳಿದರು.

ಫೋಕ್‌ಮನ್ ಅವರ ಶಸ್ತ್ರವೈದ್ಯ ವಿಭಾಗದಲ್ಲಿ ಲ್ಯಾಂಗರ್ ಒಬ್ಬರೇ ಇಂಜಿನಿಯರು. ಅರ್ಬುದದ ಗಡ್ಡೆಯು ತನ್ನ ಕಡೆಗೆ ಹೊಸ ರಕ್ತನಾಳಗಳನ್ನು ಸೆಳೆದುಕೊಂಡಲ್ಲದೆ ಬೆಳೆಯಲಾರದು, ಆದ್ದರಿಂದ ಆ ನಾಳಗಳನ್ನು ತಡೆದರೆ ಗಡ್ಡೆಯೇ ಕುಗ್ಗೀತು ಎಂಬ ವಾದವನ್ನು ಫೋಕ್‌ಮನ್ 1971ರಲ್ಲಿ ಮುಂದಿಟ್ಟಿದ್ದರು. ವೈದ್ಯಲೋಕದ ಬಹುಪಾಲು ಜನ ಅದನ್ನು ನಂಬಿರಲಿಲ್ಲ. ನಾಳಗಳನ್ನು ತಡೆಯುವ ದ್ರವ್ಯವನ್ನು ಕಂಡುಹಿಡಿಯುವುದು ಹೊಸಬರ ಪಾಲಿಗೆ ಬಂದ ಕೆಲಸ. ರಕ್ತನಾಳಗಳಿಲ್ಲದ ಅಂಗಾಂಶ ಮೃದ್ವಸ್ಥಿ. ಅದರಲ್ಲಿ ಅಂತಹ ದ್ರವ್ಯವಿರಬಹುದೆಂದು ಊಹಿಸಿ, ಲ್ಯಾಂಗರ್ ಅವರು ಕಸಾಯಿಖಾನೆಯಿಂದ ದನದ ಮೂಳೆಗಳನ್ನು ರಾಶಿರಾಶಿಯಾಗಿ ತರಿಸಿ, ಮಾಂಸವನ್ನು ಕೆರೆದು, ಮೃದ್ವಸ್ಥಿಯನ್ನು ಸುಲಿದು, ಅದರ ಸಾರವನ್ನು ಹಂತಹಂತವಾಗಿ ಶೋಧಿಸುತ್ತ ಕುಳಿತರು. ಡಾಕ್ಟರೇಟ್ ಪಡೆದ ಇಂಜಿನಿಯರೊಬ್ಬನು ಮೂಳೆ ಕೆರೆಯುತ್ತಿರುವುದನ್ನು ಕಂಡವರು ಏನೆಂದುಕೊಂಡರೋ ತಿಳಿಯದು.

ಸಾರ ದೊರೆತರೂ ಅದನ್ನು ಪರೀಕ್ಷಿಸುವ ಬಗೆ ದೊರೆಯಬೇಕಷ್ಟೆ. ಮೊಲದ ಕಣ್ಣಿನ ಕಾರ್ನಿಯದಲ್ಲಿ ಸ್ವಭಾವತಃ ರಕ್ತನಾಳಗಳಿರುವುದಿಲ್ಲ. ಅಲ್ಲಿ ಗಡ್ಡೆಯ ತುಣುಕೊಂದನ್ನಿರಿಸಿದರೆ, ಅಂಚಿನಿಂದ ನಾಳಗಳು ಅದರ ಕಡೆಗೆ ಬೆಳೆದುಬರುವುದನ್ನು ಕಣ್ಣಾರೆ ಕಂಡು ಅಳೆಯಬಹುದು. ಆದರೆ ನಾಳಗಳು ಬೆಳೆಯುವುದಕ್ಕೆ ಒಂದೆರಡು ತಿಂಗಳು ಬೇಕು. ಅಷ್ಟು ಕಾಲವೂ ತಡೆದ್ರವ್ಯ ಕಿಂಚಿತ್ ಕಿಂಚಿತ್ತಾಗಿ ಒಸರುತ್ತಿರಬೇಕು, ಅದನ್ನು ಹೊತ್ತ ಪದಾರ್ಥ ಕಣ್ಣನ್ನು ಕೆಣಕಲೂ ಬಾರದು. ಪ್ರೋಟೀನಿನಂತಹ ದೊಡ್ಡ ಅಣು ಗಟ್ಟಿಯಾದ ಪಾಲಿಮರಿನೊಳಗಿಂದ ಹೊರಬರಲಾರದೆಂಬುದು ಆ ಕಾಲದ ಸರ್ವಸಮ್ಮತ ಅಭಿಪ್ರಾಯವಾಗಿದ್ದಿತು. ಈ ಕಾರ್ಯ ಕೈಗೂಡದಿರುವುದಕ್ಕೆ ಇನ್ನೂರಕ್ಕೂ ಹೆಚ್ಚು ಮಾರ್ಗಗಳನ್ನು ತಾವು ಕಂಡುಹಿಡಿದದ್ದಾಗಿ ಲ್ಯಾಂಗರ್ ಮುಂದೆ ವಿನೋದದಿಂದ ಹೇಳುತ್ತಿದ್ದರು. ಕೊನೆಗೆ ಕೈಗೂಡಿದ ಮಾರ್ಗ ಸರಳವಾದದ್ದೇ: ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿ, ಅದರಲ್ಲಿ ಪ್ರೋಟೀನಿನ ಪುಡಿಯನ್ನು ಕಲಸಿ, ಅತಿಶೀತದಲ್ಲಿ ಗಟ್ಟಿಗೊಳಿಸಿ, ಬಳಿಕ ದ್ರಾವಕವನ್ನು ಆರಿಸಿಬಿಡುವುದು. ಹಾಗೆ ಮಾಡಿದಾಗ ಪಾಲಿಮರಿನೊಳಗೆ ಒಂದಕ್ಕೊಂದು ಕೂಡಿಕೊಂಡ, ತಿರುವುಮುರುವಾದ ಸೂಕ್ಷ್ಮರಂಧ್ರಗಳ ಜಾಡು ಉಳಿಯುತ್ತದೆ. ದೊಡ್ಡ ಅಣುಗಳು ಆ ಜಾಡಿನಲ್ಲಿ ಅಲೆದಲೆದು ದಾರಿ ಕಂಡುಕೊಂಡು ಹೊರಬರುವಷ್ಟರಲ್ಲಿ ವಾರಗಳೇ ಕಳೆಯುತ್ತವೆ. 1976ರಲ್ಲಿ ಫೋಕ್‌ಮನ್ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಶೋಧದ ವರದಿ ಅವರ ವೃತ್ತಿಜೀವನಕ್ಕೆ ಅಡಿಗಲ್ಲು.

ಅಡಿಗಲ್ಲು ಬಿದ್ದೊಡನೆ ಮನೆಯೆದ್ದಿತೆಂದು ಭಾವಿಸಬಾರದು. ಅದೇ ವರ್ಷ ಮಿಷಿಗನ್ನಿನ ಮಿಡ್‌ಲ್ಯಾಂಡ್‌ನಲ್ಲಿ, ಪಾಲಿಮರ್ ಶಾಸ್ತ್ರದ ಹಿರಿಯರ ಸಭೆಯಲ್ಲಿ ಅವರು ಉಪನ್ಯಾಸ ಮಾಡಿ ಮುಗಿಸಿದಾಗ, ಹತ್ತಿರಕ್ಕೆ ಬಂದ ಹಿರಿಯರು ಮೆಚ್ಚುಗೆಯ ಮಾತನ್ನಾಡುವರೆಂದು ಈ ತರುಣ ನಿರೀಕ್ಷಿಸಿದ್ದರೆ, ಅವರು ಹೇಳಿದ್ದು ತಾವು ಇದರಲ್ಲಿ ಒಂದು ಮಾತನ್ನೂ ನಂಬುವುದಿಲ್ಲವೆಂದು. ಸಂಶೋಧನೆಗೆ ಧನಸಹಾಯವನ್ನು ಬೇಡಿ ಬರೆದ ಮೊದಲ ಒಂಬತ್ತು ಅರ್ಜಿಗಳೂ ತಿರಸ್ಕೃತವಾದುವು. ಈತ ಇಂಜಿನಿಯರು, ಜೀವಶಾಸ್ತ್ರವನ್ನೇನು ಬಲ್ಲ, ಅರ್ಬುದವನ್ನಂತೂ ಮೊದಲೇ ಅರಿಯ ಎಂಬುದು ಅರ್ಜಿಗಳನ್ನು ತೂಗಿದವರ ಆಕ್ಷೇಪದ ತಾತ್ಪರ್ಯ. ಆಕ್ಷೇಪ ಪೂರ್ತಿ ಅನ್ಯಾಯವಾದುದೆಂದು ನಾನು ಹೇಳಲಾರೆ. ಎರಡು ಶಾಸ್ತ್ರಗಳ ಗಡಿಯಲ್ಲಿ ನಿಂತವನನ್ನು ತೂಗುವುದಕ್ಕೆ ಎರಡು ಕಡೆಯವರ ಬಳಿಯೂ ತಕ್ಕ ತಕ್ಕಡಿ ಇರುವುದಿಲ್ಲ. ಆದರೆ ಒಂಬತ್ತು ಬಾರಿಯೂ ಹಾಗೆಯೇ ಆದದ್ದು, ತಜ್ಞಸಮಿತಿಗಳು ತಮಗೆ ಪರಿಚಿತವಾದುದನ್ನಲ್ಲದೆ ಬೇರೊಂದನ್ನು ಗುರುತಿಸುವುದು ಎಷ್ಟು ವಿರಳವೆಂಬುದನ್ನು ತೋರಿಸುತ್ತದೆ.

ರಾಸಾಯನಿಕ ಇಂಜಿನಿಯರಿಂಗ್ ವಿಭಾಗಗಳು ಅವರನ್ನು ತಮ್ಮವರೆಂದು ಒಪ್ಪಲಿಲ್ಲ. ಅವರಿಗೆ ಎಂ.ಐ.ಟಿ.ಯಲ್ಲಿ ಸ್ಥಳವನ್ನು ಕೊಟ್ಟದ್ದು ಪೋಷಣೆ ಮತ್ತು ಆಹಾರ ವಿಜ್ಞಾನದ ವಿಭಾಗ. ಕೊಟ್ಟವರು ಅದರ ಮುಖ್ಯಸ್ಥ ನೆವಿನ್ ಸ್ಕ್ರಿಮ್‌ಶಾ. ಈ ಸ್ಕ್ರಿಮ್‌ಶಾ ನಮ್ಮವರಿಗೆ ಅಪರಿಚಿತರಲ್ಲ: ಮಧ್ಯ ಅಮೆರಿಕದ ಬಡಮಕ್ಕಳಿಗಾಗಿ ಇನ್‌ಕ್ಯಾಪರಿನ ಎಂಬ ಪುಷ್ಟಿಹಿಟ್ಟನ್ನು ರೂಪಿಸಿದವರು ಅವರು, ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು ಹಸಿವಿನ ನಿವಾರಣೆಗಾಗಿ ಅವರ ನೇತೃತ್ವದಲ್ಲಿ ನಡೆಸಿದ ಕಾರ್ಯಕ್ರಮದಲ್ಲಿ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯೂ ಸಹಭಾಗಿಯಾಗಿತ್ತು. ಅಂತಹ ಉದಾರದೃಷ್ಟಿಯವರು ಲ್ಯಾಂಗರ್ ಸೇರಿದ ಸ್ವಲ್ಪ ಕಾಲದಲ್ಲಿಯೇ ಮುಖ್ಯಸ್ಥಾನವನ್ನು ಬಿಟ್ಟುಹೋದರು. ಉಳಿದ ಹಿರಿಯರಿಗೆ ಈ ಹೊಸಬನ ಅಗತ್ಯ ತೋರಲಿಲ್ಲ. ಒಬ್ಬ ಹಿರಿಯ ಪ್ರಾಧ್ಯಾಪಕರು ಊಟಕ್ಕೆ ಕರೆದು, ಸಿಗಾರಿನ ಹೊಗೆಯನ್ನು ಮುಖದ ಮೇಲೆಯೇ ಬಿಡುತ್ತ, ಬೇರೆ ಕೆಲಸವನ್ನು ಹುಡುಕಿಕೊಳ್ಳುವುದು ಒಳ್ಳೆಯದೆಂದು ಬುದ್ಧಿ ಹೇಳಿದರೆಂಬುದನ್ನು ಲ್ಯಾಂಗರ್ ಹಲವು ಉಪನ್ಯಾಸಗಳಲ್ಲಿ ನೆನೆದಿದ್ದಾರೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ತರುಣ ಅಧ್ಯಾಪಕನಿಗೆ ಕೆಲಸ ಖಾಯಮಾಗುವುದು ಐದಾರು ವರ್ಷಗಳ ಪರೀಕ್ಷೆಯ ಬಳಿಕ. ಆ ಪರೀಕ್ಷೆಯಲ್ಲಿ ಮತ ಕೊಡುವವರು ಇಂತಹ ಹಿರಿಯರೇ ಆದುದರಿಂದ, ಅಂದಿನ ಆ ಊಟ ಎಷ್ಟು ರುಚಿಸಿತೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು. ಅವರು ಬಿಟ್ಟುಹೋಗಲಿಲ್ಲ. ಅನ್ವಯಿಕ ಜೀವವಿಜ್ಞಾನವೆಂದು ಹೆಸರು ಬದಲಿಸಿಕೊಂಡಿದ್ದ ಆ ವಿಭಾಗವನ್ನು 1988ರಲ್ಲಿ ಎಂ.ಐ.ಟಿ.ಯೇ ಮುಚ್ಚಿತು, 2005ರಲ್ಲಿ ಲ್ಯಾಂಗರ್ ಅವರಿಗೆ, ಆ ಸಂಸ್ಥೆಯ ಅಧ್ಯಾಪಕರಿಗೆ ದೊರೆಯಬಹುದಾದ ಅತ್ಯುನ್ನತ ಪದವಿಯಾದ ‘ಇನ್‌ಸ್ಟಿಟ್ಯೂಟ್ ಪ್ರೊಫೆಸರ್’ ಗೌರವ ಸಂದಿತು.

ಅಂಗಡಿಯ ಪದಾರ್ಥಕ್ಕೆ ಬದಲಾಗಿ ಕಟ್ಟಿದ ಪದಾರ್ಥ ಎಂಬ ಅವರ ಹಂಬಲ ಫಲಿಸಿದ್ದು ಪಾಲಿಆನ್‌ಹೈಡ್ರೈಡುಗಳಲ್ಲಿ. ದೇಹದೊಳಗೆ ಕರಗುವ ಪಾಲಿಮರುಗಳು ಸಾಮಾನ್ಯವಾಗಿ ಒಳಗೆಲ್ಲ ನೀರು ಹೀರಿ, ಸಡಿಲಗೊಂಡು, ಒಮ್ಮೆಲೇ ಕುಸಿಯುತ್ತವೆ. ಒಳಗಿದ್ದ ಔಷಧವೆಲ್ಲ ಒಟ್ಟಿಗೆ ಸುರಿದರೆ ರೋಗಿಗೆ ಅಪಾಯ. ಸಾಬೂನು ಸವೆಯುವಂತೆ ಹೊರಮೈಯಿಂದ ಪದರಪದರವಾಗಿ ಮಾತ್ರ ಸವೆಯುವ ಪಾಲಿಮರು ಬೇಕೆಂದು ನಿಶ್ಚಯಿಸಿ, ಅದಕ್ಕೆ ತಕ್ಕ ರಾಸಾಯನಿಕ ಬಂಧವನ್ನು ಅವರೂ ಅವರ ಶಿಷ್ಯರೂ ಆರಿಸಿಕೊಂಡರು. ಇದನ್ನು ತಯಾರಿಸಲಾಗದು ಎಂದರು ಧನಸಹಾಯದ ಅರ್ಜಿಗಳ ಪರೀಕ್ಷಕರು. ತಯಾರಿಸಿದ ಮೇಲೆ, ಔಷಧದೊಡನೆ ಕೂಡಿ ಕೆಡುವುದು ಎಂದರು. ಕೆಡದೆಂದು ತೋರಿಸಿದ ಮೇಲೆ, ಪುಡಿಯಾಗುವುದು ಎಂದರು. ಆಗದೆಂದು ತೋರಿಸಿದ ಮೇಲೆ, ವಿಷವಾಗುವುದು ಎಂದರು. ಒಂದೊಂದು ಆಕ್ಷೇಪಕ್ಕೆ ಒಬ್ಬೊಬ್ಬ ಶಿಷ್ಯ ಉತ್ತರ ಹುಡುಕುತ್ತ ವರ್ಷಗಳು ಉರುಳಿದುವು. ಕಡೆಗೆ, ಜಾನ್ಸ್ ಹಾಪ್‌ಕಿನ್ಸ್‌ನ ನರಶಸ್ತ್ರವೈದ್ಯ ಹೆನ್ರಿ ಬ್ರೆಮ್ ಅವರೊಡನೆ ಕೂಡಿ, ಕಾರ್ಮುಸ್ಟೀನ್ ಔಷಧವನ್ನು ಹೊತ್ತ ನಾಣ್ಯದಂತಹ ಬಿಲ್ಲೆಗಳನ್ನು ಮಿದುಳಿನ ಗಡ್ಡೆಯನ್ನು ತೆಗೆದ ಕುಳಿಯಲ್ಲಿಯೇ ಇರಿಸುವ ಚಿಕಿತ್ಸೆಯನ್ನು ರೂಪಿಸಿದರು. 1996ರಲ್ಲಿ ಗ್ಲಿಯಾಡೆಲ್ ಎಂಬ ಹೆಸರಿನಲ್ಲಿ ಅದಕ್ಕೆ ಅಮೆರಿಕದ ಸರ್ಕಾರದ ಒಪ್ಪಿಗೆ ದೊರೆಯಿತು. ಪಡೆದ ಫಲವೆಷ್ಟು? ಗಡ್ಡೆ ಮರುಕಳಿಸಿದ 222 ರೋಗಿಗಳ ಪರೀಕ್ಷೆಯಲ್ಲಿ, ಔಷಧವಿಲ್ಲದ ಬಿಲ್ಲೆಯನ್ನಿಟ್ಟವರ ಮಧ್ಯಮ ಆಯುಸ್ಸು 23 ವಾರಗಳಾದರೆ, ಔಷಧದ ಬಿಲ್ಲೆಯನ್ನಿಟ್ಟವರದು 31 ವಾರ. ಹದಿನೈದು ವರ್ಷಗಳ ಶ್ರಮಕ್ಕೆ ಎಂಟು ವಾರ! ಪತ್ರಿಕೆಗಳ ತಲೆಬರಹಗಳಲ್ಲಿ ವಾರಕ್ಕೊಮ್ಮೆ ಅರ್ಬುದವನ್ನು ಗೆಲ್ಲುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಆದರೂ ಆ ಎಂಟು ವಾರಗಳನ್ನು ಅಲ್ಪವೆನ್ನುವ ಅಧಿಕಾರ ಆ ರೋಗಿಯ ಮನೆಯವರಿಗಲ್ಲದೆ ನಮಗಿಲ್ಲ.

ಇತ್ತ ಫೋಕ್‌ಮನ್ ಅವರ ಬಳಗದಲ್ಲಿಯೇ ಲ್ಯಾಂಗರ್ ಅವರಿಗೆ ಗೆಳೆಯರಾಗಿದ್ದ ಜೋಸೆಫ್ ವಕಾಂಟಿ ಎಂಬ ಶಸ್ತ್ರವೈದ್ಯರು ಮಕ್ಕಳಿಗೆ ಯಕೃತ್ತಿನ ಕಸಿಯನ್ನು ಮಾಡತೊಡಗಿದ್ದರು. ಕಸಿಗೆ ಯಕೃತ್ತು ದೊರೆಯದೆ ತಮ್ಮ ಕಣ್ಣೆದುರಿಗೇ ಮಕ್ಕಳು ತೀರಿಕೊಳ್ಳುವುದನ್ನು ಕಂಡು, ಅಂಗವನ್ನೇ ಬೆಳೆಸಲಾಗದೇ ಎಂದು ಅವರು ಲ್ಯಾಂಗರ್ ಅವರನ್ನು ಕೇಳಿದರು. ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದರೆ ತೆಳುವಾದ ಹಾಳೆಯಾದೀತೇ ಹೊರತು ಅಂಗವಾಗದು. ದಪ್ಪನಾದ ಮುದ್ದೆಯಾಗಿ ಕೂರಿಸಿದರೆ ಒಳಗಿನವು ಆಮ್ಲಜನಕವಿಲ್ಲದೆ ಸಾಯುತ್ತವೆ, ಏಕೆಂದರೆ ಜೀವಕೋಶವೊಂದು ರಕ್ತನಾಳದಿಂದ ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ದೂರದಲ್ಲಿ ಬದುಕುವುದು ದುಸ್ತರ. 1986ರ ಬೇಸಗೆಯಲ್ಲಿ ಕೇಪ್ ಕಾಡ್ ಕಡಲತೀರದಲ್ಲಿ ಕುಳಿತಿದ್ದ ವಕಾಂಟಿಯವರಿಗೆ, ಕವಲುಕವಲಾಗಿ ಹರಡಿ ನೀರನ್ನೆಲ್ಲ ಮುಟ್ಟುತ್ತಿದ್ದ ಕಡಲಪಾಚಿ ದಾರಿ ತೋರಿಸಿತು: ಕೋಶಗಳಿಗೆ ಆಧಾರವಾಗುವ ಹಂದರವೂ ಹಾಗೆಯೇ ಕವಲೊಡೆದು, ಟೊಳ್ಳಾಗಿ, ಎಲ್ಲೆಡೆ ಪೋಷಕರಸ ಹರಿಯುವಂತಿದ್ದರೆ? ಶಸ್ತ್ರವೈದ್ಯರು ಹೊಲಿಗೆಗೆ ಬಳಸುತ್ತಿದ್ದ, ದೇಹದಲ್ಲಿ ತಾನಾಗಿ ಕರಗುವ ಪಾಲಿಗ್ಲೈಕಾಲಿಕ್ ಆಮ್ಲದ ಎಳೆಗಳಿಂದ ಅಂತಹ ಹಂದರವನ್ನು ಹೆಣೆದು, ಅದರ ಮೇಲೆ ಜೀವಕೋಶಗಳನ್ನು ಬಿತ್ತಿ, ಪ್ರಾಣಿಯ ದೇಹದಲ್ಲಿಟ್ಟಾಗ, ಕೋಶಗಳು ಬೆಳೆಯುತ್ತ ಬಂದಂತೆ ಹಂದರ ಕರಗಿಹೋಯಿತು. 1988ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ವಿಸ್ತರಿಸಿ, 1993ರಲ್ಲಿ ಇಬ್ಬರೂ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನವೇ ಅಂಗಾಂಶ ಇಂಜಿನಿಯರಿಂಗಿಗೆ ಶಾಸ್ತ್ರವೆಂಬ ಸ್ಥಾನವನ್ನು ಗಳಿಸಿಕೊಟ್ಟಿತು.

ಈ ವಿದ್ಯೆ ಇವರಿಂದಲೇ ಆರಂಭವಾಯಿತೆಂದರೆ ಅನ್ಯಾಯವಾದೀತು. ಎಂ.ಐ.ಟಿ.ಯಲ್ಲಿಯೇ ಇದ್ದ ಯೊಆನಿಸ್ ಯನ್ನಾಸ್ ಅವರು, ಸುಟ್ಟಗಾಯಗಳ ವೈದ್ಯ ಜಾನ್ ಬರ್ಕ್ ಅವರೊಡನೆ ಸೇರಿ, ದನದ ಕೊಲಾಜನ್ನಿಗೆ ಶಾರ್ಕ್ ಮೀನಿನ ಮೃದ್ವಸ್ಥಿಯ ಸಾರವನ್ನು ಬೆರೆಸಿ, ಮೇಲೆ ಸಿಲಿಕೋನ್ ಪೊರೆಯನ್ನು ಹೊದಿಸಿ ರಚಿಸಿದ ಕೃತಕ ಚರ್ಮದಿಂದ, ಮೈಯ ಬಹುಭಾಗ ಸುಟ್ಟವರನ್ನು ಬದುಕಿಸಿದ ವರದಿ 1981ರಲ್ಲಿಯೇ ಪ್ರಕಟವಾಗಿತ್ತು. ಆದರೆ ಲೋಕದ ಕಣ್ಣನ್ನು ಸೆಳೆದದ್ದು ಚರ್ಮವಲ್ಲ, ಬೆನ್ನಿನ ಮೇಲೆ ಮನುಷ್ಯನ ಕಿವಿಯನ್ನು ಹೊತ್ತ ಒಂದು ಇಲಿ. ಜೋಸೆಫರ ಅಣ್ಣತಮ್ಮಂದಿರಲ್ಲೊಬ್ಬರಾದ ಚಾರ್ಲ್ಸ್ ವಕಾಂಟಿಯವರ ಬಳಗ, ಮಗುವಿನ ಕಿವಿಯ ಅಚ್ಚಿನಲ್ಲಿ ಹಂದರವನ್ನು ಮಾಡಿ, ಕರುವಿನ ಮೃದ್ವಸ್ಥಿಯ ಕೋಶಗಳನ್ನು ಬಿತ್ತಿ, ರೋಗನಿರೋಧಶಕ್ತಿಯಿಲ್ಲದ ಇಲಿಯ ಚರ್ಮದಡಿಯಲ್ಲಿ ಅದನ್ನು ಬೆಳೆಸಿತ್ತು. ಅದರಲ್ಲಿ ಮನುಷ್ಯನ ಒಂದು ಕೋಶವೂ ಇರಲಿಲ್ಲ, ಅದಕ್ಕೆ ಕೇಳಿಸುತ್ತಲೂ ಇರಲಿಲ್ಲ, ವಂಶವಾಹಿಗಳನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಚಿತ್ರವನ್ನು ಕಂಡ ಜನ, ವಿಜ್ಞಾನಿಗಳು ಇಲಿಗೆ ಕಿವಿ ಹುಟ್ಟಿಸಿದರೆಂದು ಹೌಹಾರಿದರು.

ಚರ್ಮದ ಬಳಿಕ ಮೃದ್ವಸ್ಥಿಯ ಸರದಿ ಬಂದಿತು. 2006ರಲ್ಲಿ ಆಂಟನಿ ಅಟಾಲ ಅವರ ಬಳಗ ಏಳು ಮಂದಿ ಎಳೆಯ ರೋಗಿಗಳಿಗೆ ಅವರವರ ಕೋಶಗಳಿಂದಲೇ ಬೆಳೆಸಿದ ಮೂತ್ರಕೋಶವನ್ನು ಜೋಡಿಸಿದ ವಿವರವನ್ನು ಪ್ರಕಟಿಸಿತು. ತೆಳುವಾದವೂ ಟೊಳ್ಳಾದವೂ ಸಾಧ್ಯವಾದುವು. ಯಕೃತ್ತು, ಮೂತ್ರಪಿಂಡ, ಹೃದಯಗಳಂತಹ ದಪ್ಪನಾದ ಅಂಗಗಳು ಮಾತ್ರ ಕೈಗೆಟುಕಲಿಲ್ಲ. ಕಾರಣ ಹಳೆಯದೇ, ರಕ್ತನಾಳ. ನಾಳಗಳನ್ನು ಬೆಳೆಯದಂತೆ ತಡೆಯುವ ದ್ರವ್ಯಕ್ಕಾಗಿ ಮೂಳೆ ಕೆರೆಯುತ್ತ ವೃತ್ತಿಯನ್ನಾರಂಭಿಸಿದ ಲ್ಯಾಂಗರ್ ಅವರೂ ಅವರ ಶಿಷ್ಯಪರಂಪರೆಯೂ ಮುಂದಿನ ದಶಕಗಳನ್ನು ನಾಳಗಳು ಬೆಳೆಯುವಂತೆ ಮಾಡುವುದು ಹೇಗೆಂಬ ಚಿಂತೆಯಲ್ಲಿ ಕಳೆಯಬೇಕಾಯಿತು.

ಈ ಕಷ್ಟವನ್ನು ಹಾರಿಹೋಗಲು ಯತ್ನಿಸಿದವರೂ ಉಂಟು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ಪಾವ್ಲೊ ಮಕ್ಕಿಯಾರಿನಿ ಎಂಬ ಶಸ್ತ್ರವೈದ್ಯರು 2011ರಲ್ಲಿ, ರೋಗಿಯ ಕೋಶಗಳನ್ನು ಬಿತ್ತಿದ ಪ್ಲಾಸ್ಟಿಕ್ ಶ್ವಾಸನಾಳವನ್ನು ಜೋಡಿಸಿದರೆಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಪ್ರಾಣಿಗಳಲ್ಲಿ ಸಾಕಷ್ಟು ಪರೀಕ್ಷೆ ನಡೆದಿರಲಿಲ್ಲ. ಆ ಪ್ಲಾಸ್ಟಿಕ್ಕು ಅಂಗಾಂಶವಾಗಲಿಲ್ಲ. ಸ್ವೀಡನ್ನಿನಲ್ಲಿ ಆ ಶಸ್ತ್ರಚಿಕಿತ್ಸೆಗೊಳಗಾದ ಮೂವರೂ ಮೃತರಾದರು. 2023ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಮಕ್ಕಿಯಾರಿನಿಯವರಿಗೆ ಎರಡೂವರೆ ವರ್ಷಗಳ ಸೆರೆವಾಸವನ್ನು ವಿಧಿಸಿತು. ಗ್ಲಿಯಾಡೆಲ್ಲಿಗೆ ಎದುರಾದ ಪರೀಕ್ಷಕರ ಆಕ್ಷೇಪಗಳನ್ನು ಮೇಲೆ ನಾನು ತುಸು ಹಾಸ್ಯದಿಂದ ಹೇಳಿದೆನಷ್ಟೆ. ಅಂತಹ ಆಕ್ಷೇಪಿಸುವ ಮೊಂಡರು ಸ್ಟಾಕ್‌ಹೋಮಿನಲ್ಲಿ ಸಕಾಲಕ್ಕೆ ಗಟ್ಟಿಯಾಗಿ ನಿಂತಿದ್ದರೆ ಜೀವಗಳು ಉಳಿಯುತ್ತಿದ್ದುವು.

ಲ್ಯಾಂಗರ್ ಅವರ ಉತ್ತರಜೀವನ ಬಿರುದುಗಳಿಂದಲೂ ಕಂಪೆನಿಗಳಿಂದಲೂ ತುಂಬಿದೆ. 2002ರಲ್ಲಿ ಡ್ರೇಪರ್ ಪ್ರಶಸ್ತಿ, 2014ರಲ್ಲಿ ಕ್ಯೋಟೊ ಪ್ರಶಸ್ತಿ, 2015ರಲ್ಲಿ ರಾಣಿ ಎಲಿಜಬೆತ್ ಪ್ರಶಸ್ತಿ. ಸಾವಿರಕ್ಕೂ ಮಿಕ್ಕ ಪ್ರಬಂಧಗಳು, ಹತ್ತಾರು ಕಂಪೆನಿಗಳು. ಅವುಗಳಲ್ಲಿ ಒಂದು, 2010ರಲ್ಲಿ ಸ್ಥಾಪಿತವಾದ ಮಾಡರ್ನಾ. ಕೋವಿಡ್ ಕಾಲದಲ್ಲಿ ಆರ್.ಎನ್.ಎ. ಎಂಬ ದೊಡ್ಡ ಹಾಗೂ ಬಲುನಾಜೂಕಾದ ಅಣುವನ್ನು ಕೊಬ್ಬಿನ ಕಣದಲ್ಲಿಟ್ಟು ಕೋಶದೊಳಕ್ಕೆ ಮುಟ್ಟಿಸಿದ ಲಸಿಕೆಯ ಹಿಂದೆ, ದೊಡ್ಡ ಅಣುಗಳನ್ನು ಸಾಗಿಸಲಾಗದೆಂಬ ಹಳೆಯ ನಂಬಿಕೆಯನ್ನು ಮುರಿದ ಆ ಪ್ರಯೋಗದ ನೆರಳಿದೆ. ಪ್ರಾಧ್ಯಾಪಕನು ವರ್ತಕನೂ ಆಗುವುದು ನನ್ನಂತಹ ಹಳೆಯ ಮನಸ್ಸಿಗೆ ಸುಲಭವಾಗಿ ಒಗ್ಗದು. ಆದರೆ ಕಂಪೆನಿಯಿಲ್ಲದಿದ್ದರೆ ಆ ಬಿಲ್ಲೆಯಾಗಲಿ ಲಸಿಕೆಯಾಗಲಿ ರೋಗಿಯ ಹಾಸಿಗೆಯನ್ನು ಮುಟ್ಟುತ್ತಿರಲಿಲ್ಲವೆಂಬುದನ್ನೂ ಅಲ್ಲಗಳೆಯುವಂತಿಲ್ಲ.

ನಮ್ಮ ದೇಶದಲ್ಲಿಯೂ ಇಂತಹ ಗಡಿದಾಟುವ ವೃತ್ತಿಜೀವನಗಳು ನಡೆದಿವೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಹೃದಯದ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಅವರು ಇಂಜಿನಿಯರುಗಳನ್ನು ಕೂಡಿಸಿಕೊಂಡು ಹೃದಯದ ಕೃತಕ ಕವಾಟವನ್ನು ನಿರ್ಮಿಸತೊಡಗಿ, ಮೊದಲ ಮೂರು ಮಾದರಿಗಳೂ ಸೋತ ಮೇಲೆ ನಾಲ್ಕನೆಯದನ್ನು ಯಶಸ್ವಿಗೊಳಿಸಿ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಜೋಡಿಸಿದರು. ಮುಂದೆ ಅವರೇ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಉಪಕುಲಪತಿಗಳಾಗಿ ಬಂದರು. ನಮ್ಮ ವಿದ್ಯಾಸಂಸ್ಥೆಗಳು ಫೋಕ್‌ಮನ್, ಸ್ಕ್ರಿಮ್‌ಶಾ ಅವರಂತೆ ಪದವಿಪತ್ರದ ಹೆಸರನ್ನು ನೋಡದೆ ಆಳನ್ನು ನೋಡಿ ಬಾಗಿಲು ತೆರೆಯುವ ಮುಖ್ಯಸ್ಥರನ್ನು ಇನ್ನಷ್ಟು ಬೆಳೆಸಬೇಕು.

ವಕಾಂಟಿಯವರು ಯಾವ ಯಕೃತ್ತಿಗಾಗಿ ಈ ಶಾಸ್ತ್ರಕ್ಕೆ ಕೈಹಾಕಿದರೋ ಆ ಯಕೃತ್ತು ಇನ್ನೂ ಯಾವ ಪ್ರಯೋಗಶಾಲೆಯಲ್ಲಿಯೂ ಬೆಳೆದು ಬಂದಿಲ್ಲ. ಅದು ಬರುವ ತನಕ ರೋಗಿಗೆ ಗತಿಯಿರುವುದು ಮತ್ತೊಬ್ಬ ಮನುಷ್ಯನ ದಾನವೊಂದೇ. ಕರ್ನಾಟಕದಲ್ಲಿ ಮೃತರ ಅಂಗದಾನದ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿರುವುದು ಜೀವಸಾರ್ಥಕತೆ ಸಂಸ್ಥೆ. ಅಲ್ಲಿ ಹೆಸರು ನೋಂದಾಯಿಸಿದರೂ, ಸಾವಿನ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಮನೆಯವರೇ. ಆದುದರಿಂದ ಈ ಲೇಖನವನ್ನೋದಿದವರು ತಮ್ಮ ಇಚ್ಛೆಯೇನೆಂಬುದನ್ನು ಮನೆಯವರೊಡನೆ ಇಂದೇ ಆಡಿಬಿಡಬೇಕೆಂದು ಕೇಳಿಕೊಳ್ಳುತ್ತೇನೆ.